ನೀಲಿ, ಬ್ಲೂ, ನೀಲಿ ಬಣ್ಣ: ಒಂದೇ ಅಟ್ರಿಬ್ಯೂಟನ್ನು ಎಲ್ಲ ಉತ್ಪನ್ನಗಳಿಗೂ ಬಳಸುವುದು ಹೇಗೆ?

ಡೆನಿಮ್ ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ನಮ್ಮದು ಜೀನ್ಸ್ ಹೊಲಿಸಿ ಸಗಟು ಮಾರುವ ಸಣ್ಣ ಘಟಕ. ಎರಡು ವರ್ಷದ ಹಿಂದೆ ವರ್ಡ್‌ಪ್ರೆಸ್ ತಂತ್ರಾಂಶದ ಮೇಲೆ, ಆನ್‌ಲೈನ್ ಅಂಗಡಿಗೆಂದು ಇರುವ ವೂಕಾಮರ್ಸ್ ಹಾಕಿಸಿ ವೆಬ್‌ಸೈಟ್ ಮಾಡಿಸಿದೆವು. ಮಾಡಿಕೊಟ್ಟವರು ಮಾಲು ಸೇರಿಸುವುದನ್ನು ಅರ್ಧ ದಿನ ತೋರಿಸಿ ಹೋದರು. ಅಲ್ಲಿಂದ ಇಲ್ಲಿಯವರೆಗೆ ನಾನು, ನನ್ನ ತಮ್ಮ, ಲೆಕ್ಕ ಬರೆಯುವ ಹುಡುಗ ಮೂವರೂ ಅವರವರಿಗೆ ತೋಚಿದಂತೆ ಸೇರಿಸುತ್ತ ಬಂದಿದ್ದೇವೆ. ಈಗ 380 ಉತ್ಪನ್ನಗಳಿವೆ.

ಹೋದ ವಾರ ಸೊಲ್ಲಾಪುರದ ಒಬ್ಬ ವ್ಯಾಪಾರಿ ಫೋನ್ ಮಾಡಿದರು. 32 ಸೈಜಿನ ಕಡು ನೀಲಿ ಜೀನ್ಸ್ ಬೇಕೆಂದು ಫಿಲ್ಟರ್ ಒತ್ತಿದರೆ ಅವರಿಗೆ ಕಂಡದ್ದು ನಾಲ್ಕೇ ನಾಲ್ಕು. ಗೋದಾಮಿನಲ್ಲಿ ಅಂಥವು ಕಡಿಮೆಯೆಂದರೂ ಅರವತ್ತು ಬಗೆ ಇವೆ. ಮಾಲು ಇದ್ದೂ ಇಲ್ಲವೆಂದು ತೋರಿಸಿ ಗಿರಾಕಿಯನ್ನು ಕಳಿಸಿದಂತಾಯಿತು, ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕುಳಿತು ನೋಡಿದಾಗ ಗೊತ್ತಾದದ್ದು ಇಷ್ಟು. ಒಂದು ಉತ್ಪನ್ನದಲ್ಲಿ ‘ಸೈಜ್’ ಎಂದಿದೆ, ಇನ್ನೊಂದರಲ್ಲಿ ‘ಅಳತೆ’, ಮತ್ತೊಂದರಲ್ಲಿ ‘ಸೊಂಟ’. ಬಣ್ಣದ ಪಟ್ಟಿಯಲ್ಲಿ ನೀಲಿ, ಬ್ಲೂ, ನೀಲಿ ಬಣ್ಣ, ನೇವಿ, ಡಾರ್ಕ್ ಬ್ಲೂ, ಕಡುನೀಲಿ, ಕಡು ನೀಲಿ ಎಲ್ಲವೂ ಬೇರೆ ಬೇರೆ ಸಾಲುಗಳಾಗಿ ನಿಂತಿವೆ. ಹೆಚ್ಚಿನ ಉತ್ಪನ್ನಗಳ ಬಣ್ಣ ಫಿಲ್ಟರಿನಲ್ಲಿ ಬರುವುದೇ ಇಲ್ಲ. ಜೀನ್ಸ್ ತೊಳೆಯುವ ಒಂದು ಬಗೆಯಾದ ‘ಸ್ಟೋನ್ ವಾಷ್’ ಎಂಬುದು ಎರಡು ಸಲ ಬರುತ್ತದೆ. ಅಕ್ಷರ ಅಕ್ಷರ ಹೋಲಿಸಿದರೂ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ.

ದಸರೆಗೆ ಮುಂಚೆ ಇದನ್ನು ಸರಿಪಡಿಸಬೇಕು. ಎಲ್ಲವನ್ನೂ ಅಳಿಸಿ ಹೊಸದಾಗಿ ಸೇರಿಸಬೇಕೇ? ಬೇರೆ ದಾರಿ ಇದ್ದರೆ ದಯವಿಟ್ಟು ತಿಳಿಸಿ.

ತುಂಗಭದ್ರಾ ದಂಡೆ, ಗಂಗಾವತಿ

ಸರ್, ಒಂದನ್ನೂ ಅಳಿಸಬೇಡಿ. ಮೊದಲು ಏನಾಗಿದೆ ಎಂದು ಹೇಳುತ್ತೇನೆ.

ವೂಕಾಮರ್ಸ್‌ನಲ್ಲಿ ಅಟ್ರಿಬ್ಯೂಟ್, ಅಂದರೆ ಸೈಜ್, ಬಣ್ಣದಂಥ ಉತ್ಪನ್ನದ ಗುಣ, ಎರಡು ಬಗೆಯದು. ಒಂದನ್ನು ‘ಉತ್ಪನ್ನಗಳು’ ಮೆನುವಿನ ಕೆಳಗಿರುವ ‘ಅಟ್ರಿಬ್ಯೂಟ್ಸ್’ ಪುಟದಲ್ಲಿ ಒಮ್ಮೆ ಮಾಡಿಟ್ಟುಕೊಂಡು ಎಲ್ಲ ಉತ್ಪನ್ನಗಳಿಗೂ ಬಳಸುತ್ತೇವೆ. ಇದಕ್ಕೆ ಗ್ಲೋಬಲ್ ಅಟ್ರಿಬ್ಯೂಟ್ ಎನ್ನುತ್ತಾರೆ. ಇನ್ನೊಂದು, ಒಂದು ಉತ್ಪನ್ನವನ್ನು ತೆರೆದು ಅದರೊಳಗೇ ಕೈಯಿಂದ ಬರೆಯುವುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುವುದರಿಂದ ಬಹಳ ಜನ ಇಲ್ಲಿ ಎಡವುತ್ತಾರೆ.

ಒಳಗೆ ಮಾತ್ರ ಅಜಗಜಾಂತರವಿದೆ. ಗ್ಲೋಬಲ್ ಅಟ್ರಿಬ್ಯೂಟನ್ನು ವರ್ಡ್‌ಪ್ರೆಸ್ ಒಂದು ವರ್ಗೀಕರಣವಾಗಿ ಇಟ್ಟುಕೊಳ್ಳುತ್ತದೆ, ನಮ್ಮ ಕೆಟಗರಿಗಳ ಹಾಗೆಯೇ. ‘ಕಡು ನೀಲಿ’ ಎಂಬುದು ಡೇಟಾಬೇಸಿನಲ್ಲಿ ಒಂದೇ ಕಡೆ ಇರುತ್ತದೆ, ಅರವತ್ತು ಉತ್ಪನ್ನಗಳು ಅದರತ್ತ ಬೆರಳು ತೋರಿಸುತ್ತವೆ. ಉತ್ಪನ್ನದೊಳಗೆ ಬರೆದದ್ದು ಹಾಗಲ್ಲ. ಅದು ಆ ಉತ್ಪನ್ನದ ಚೀಟಿಯ ಮೇಲಿನ ಬರಹ ಮಾತ್ರ. ಅರವತ್ತು ಚೀಟಿಗಳ ಮೇಲೆ ಅರವತ್ತು ಸಲ ‘ಕಡು ನೀಲಿ’ ಎಂದು ಬರೆದರೂ ಅವು ಒಂದೇ ಎಂದು ಯಂತ್ರಕ್ಕೆ ತಿಳಿಯುವ ದಾರಿಯಿಲ್ಲ. ಫಿಲ್ಟರ್ ಹುಡುಕುವುದು ವರ್ಗೀಕರಣದಲ್ಲಿ, ಚೀಟಿಗಳಲ್ಲಿ ಅಲ್ಲ. ಸೊಲ್ಲಾಪುರದವರಿಗೆ ನಾಲ್ಕೇ ಕಂಡದ್ದು ಇದರಿಂದ. ಆ ನಾಲ್ಕನ್ನು ನಿಮ್ಮ ಮೂವರಲ್ಲಿ ಯಾರೋ ಒಬ್ಬರು ಸರಿಯಾದ ದಾರಿಯಲ್ಲಿ ಸೇರಿಸಿದ್ದಾರೆ.

ನೀವು ಈಗ ಮಾಡಬೇಕಾದ ಮೊದಲ ಕೆಲಸಕ್ಕೆ ಕಂಪ್ಯೂಟರ್ ಬೇಕಾಗಿಲ್ಲ. ಮೂವರೂ ಒಟ್ಟಿಗೆ ಕುಳಿತು ಕಾಗದದ ಮೇಲೆ ಬರೆಯಿರಿ: ನಮ್ಮ ಮಾಲಿಗೆ ಯಾವ ಯಾವ ಅಟ್ರಿಬ್ಯೂಟ್ ಬೇಕು, ಪ್ರತಿಯೊಂದಕ್ಕೂ ಯಾವ ಮೌಲ್ಯಗಳು (ಬಣ್ಣಕ್ಕೆ ‘ಕಡು ನೀಲಿ’ ಇದ್ದಂತೆ) ಇರಬಹುದು, ಒಂದೊಂದನ್ನೂ ಹೇಗೆ ಬರೆಯಬೇಕು. ಸೈಜ್, ಬಣ್ಣ, ವಾಷ್, ಫಿಟ್ ಈ ನಾಲ್ಕರಿಂದ ಶುರು ಮಾಡಿ. ಗಿರಾಕಿ ಯಾವುದರಿಂದ ಹುಡುಕುತ್ತಾನೋ ಅದು ಗ್ಲೋಬಲ್ ಆಗಬೇಕು. ಈ ಕಾಗದ ಸಿದ್ಧವಾಗುವವರೆಗೆ ಹೊಸ ಮಾಲು ಸೇರಿಸುವುದನ್ನು ನಿಲ್ಲಿಸಿ.

ಕೌಲ್ ಬಜಾರ್

ಎರಡು ಸಲ ಬರುವ ‘ಸ್ಟೋನ್ ವಾಷ್’ ಬಗ್ಗೆ ನಾನು ಹೇಳಬಲ್ಲೆ. ನಾನೂ ಬಳ್ಳಾರಿಯವನೇ, ಇದೇ ಕೆಲಸ ಮಾಡುತ್ತೇನೆ.

ಕನ್ನಡದಲ್ಲಿ ಕಣ್ಣಿಗೆ ಕಾಣದ ಸಂಕೇತಗಳಿವೆ. ‘ಸ್ಟೋನ್’ ಎಂಬುದರ ಕೊನೆಯ ನಕಾರವು ಮುಂದಿನ ಅಕ್ಷರಕ್ಕೆ ಒತ್ತಾಗಿ ಅಂಟಿಕೊಳ್ಳದಿರಲಿ ಎಂದು ಕೆಲವು ಕೀಲಿಮಣೆಗಳು ಅಲ್ಲೊಂದು ಅದೃಶ್ಯ ಸಂಕೇತವನ್ನು ಇಡುತ್ತವೆ. ಒಬ್ಬರು ಮೊಬೈಲಿನಲ್ಲಿ, ಇನ್ನೊಬ್ಬರು ಕಂಪ್ಯೂಟರಿನಲ್ಲಿ ಬರೆದರೆ ಒಂದರಲ್ಲಿ ಅದು ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಯಂತ್ರ ಅವನ್ನು ಎರಡು ಪದಗಳೆಂದೇ ಎಣಿಸುತ್ತದೆ.

ಇನ್ನೊಂದು ಕಾರಣವೂ ಇರಬಹುದು. ಯೂನಿಕೋಡ್‌ನಲ್ಲಿ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಇಡಬಹುದು, ಅಥವಾ ಒಕಾರದ ಚಿಹ್ನೆ ಮತ್ತು ದೀರ್ಘದ ಚಿಹ್ನೆ ಎಂದು ಬಿಡಿಸಿಯೂ ಇಡಬಹುದು. ತೆರೆಯ ಮೇಲೆ ಎರಡೂ ‘ಸ್ಟೋ’ ಎಂದೇ ಕಾಣುತ್ತವೆ. ಹಳೆಯ ‘ನುಡಿ’ ತಂತ್ರಾಂಶದ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ ಅಂಟಿಸಿದಾಗ ಇಂಥದ್ದನ್ನು ನಾನು ಕಂಡಿದ್ದೇನೆ. ಹೀಗೆ ಬಿಡಿಯಾಗಿರುವುದನ್ನು ಕೂಡಿಸಿ ಒಂದೇ ರೂಪಕ್ಕೆ ತರುವುದಕ್ಕೆ ನಾರ್ಮಲೈಸೇಷನ್ ಎನ್ನುತ್ತಾರೆ. ಆದರೆ ಅದರಿಂದ ಅದೃಶ್ಯ ಸಂಕೇತ ಹೋಗುವುದಿಲ್ಲ, ಅದನ್ನು ಬೇರೆಯಾಗಿ ತೆಗೆಯಬೇಕು.

ಒಂದು ಮುಖ್ಯ ಮಾತು. ಅಟ್ರಿಬ್ಯೂಟಿನ ಹೆಸರು ಕನ್ನಡದಲ್ಲಿ ಇರಲಿ, ಸ್ಲಗ್ (ಯಂತ್ರ ಒಳಗೆ ಬಳಸುವ ಗುರುತಿನ ಹೆಸರು) ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿ ಚಿಕ್ಕದಾಗಿ ಇರಲಿ. ಆ ಸ್ಲಗ್‌ಗೆ ವೂಕಾಮರ್ಸ್ 28ರ ಮಿತಿ ಹಾಕಿದೆ, ಅದು ಎಣಿಸುವುದು ಅಕ್ಷರಗಳನ್ನಲ್ಲ, ಕಂಪ್ಯೂಟರ್ ಅವನ್ನು ಇಟ್ಟುಕೊಳ್ಳಲು ಬಳಸುವ ಬೈಟ್‌ಗಳನ್ನು. ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ‘ಬಟ್ಟೆಯ ದಪ್ಪ’ ನಾವು ಓದುವಾಗ ಐದೇ ಅಕ್ಷರ. ಒತ್ತು, ಸ್ವರಚಿಹ್ನೆ, ನಡುವಿನ ಗೆರೆ ಎಲ್ಲ ಸೇರಿ ಯಂತ್ರದ ಲೆಕ್ಕದಲ್ಲಿ 31. ಸ್ಲಗ್ ತುಂಬಾ ಉದ್ದವಾಯಿತು ಎಂದು ಅದು ತಿರಸ್ಕರಿಸಿದಾಗ ಕಾರಣ ತಿಳಿಯದೆ ಕನ್ನಡವನ್ನೇ ಕೈಬಿಟ್ಟವರಿದ್ದಾರೆ. ಹಾಗೆ ಮಾಡಬೇಡಿ. ಗಿರಾಕಿ ಓದುವುದು ಹೆಸರನ್ನು, ಅದು ಪೂರ್ತಿ ಕನ್ನಡದಲ್ಲೇ ಇರಬಹುದು.

ಡೆನಿಮ್ ಬಳ್ಳಾರಿ

ಇಬ್ಬರಿಗೂ ಧನ್ಯವಾದ. ಇದುವರೆಗೆ ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ. ಕಾಗದ ಸಿದ್ಧವಾಗಿದೆ. ಸೈಜ್ 28ರಿಂದ 40, ಎರಡೆರಡರ ಅಂತರದಲ್ಲಿ ಏಳು ಮೌಲ್ಯಗಳು. ಫಿಟ್ ಐದು. ವಾಷ್ ಮತ್ತು ಬಣ್ಣದ ಬಗ್ಗೆ ನನಗೂ ತಮ್ಮನಿಗೂ ಇನ್ನೂ ಒಮ್ಮತವಿಲ್ಲ.

ಆದರೆ 380 ಉತ್ಪನ್ನಗಳನ್ನು ಒಂದೊಂದಾಗಿ ತೆರೆದು ತಿದ್ದಲೇಬೇಕೇ?

ತುಂಗಭದ್ರಾ ದಂಡೆ, ಗಂಗಾವತಿ

ಬೇಡ. ಆದರೆ ಮೊದಲು ಪೂರ್ತಿ ಬ್ಯಾಕಪ್ ತೆಗೆದುಕೊಳ್ಳಿ. ಡೇಟಾಬೇಸ್ ಕೂಡ. ಅದನ್ನು ಬೇರೆ ಕಡೆ ಇಟ್ಟ ಮೇಲೆಯೇ ಮುಂದಿನ ಸಾಲು ಓದಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಉತ್ಪನ್ನಗಳ ಪುಟದಲ್ಲಿ ಎಕ್ಸ್‌ಪೋರ್ಟ್ ಗುಂಡಿ ಇದೆ. ಸಿಎಸ್‌ವಿ ಎಂಬ, ಕೋಷ್ಟಕವಾಗಿ ತೆರೆಯಬಹುದಾದ ಕಡತ ಸಿಗುತ್ತದೆ. ಅದರಲ್ಲಿ ಪ್ರತಿ ಅಟ್ರಿಬ್ಯೂಟಿಗೂ ನಾಲ್ಕು ಕಾಲಂ ಇರುತ್ತವೆ: ಹೆಸರು, ಮೌಲ್ಯಗಳು, ಪುಟದಲ್ಲಿ ಕಾಣಬೇಕೇ, ಗ್ಲೋಬಲ್ ಹೌದೇ. ಕೊನೆಯ ಕಾಲಮಿನಲ್ಲಿ ಕೈಬರಹದವಕ್ಕೆ 0, ಗ್ಲೋಬಲ್‌ಗೆ 1 ಇರುತ್ತದೆ. ‘ಅಳತೆ’, ‘ಸೊಂಟ’ ಎಲ್ಲವನ್ನೂ ‘ಸೈಜ್’ ಎಂದು ತಿದ್ದಿ, ಮೌಲ್ಯಗಳನ್ನು ನಿಮ್ಮ ಕಾಗದದಲ್ಲಿ ಇರುವಂತೆಯೇ ಬರೆದು, 0 ಇದ್ದಲ್ಲಿ 1 ಹಾಕಿ. ಮರಳಿ ಇಂಪೋರ್ಟ್ ಮಾಡುವಾಗ ಇರುವ ಉತ್ಪನ್ನಗಳನ್ನು ನವೀಕರಿಸುವ ಆಯ್ಕೆಗೆ ಗುರುತು ಹಾಕಲು ಮರೆಯಬೇಡಿ.

ಸೈಜ್ ಸೈಜಿಗೂ ಬೇರೆ ದರ ಅಥವಾ ಬೇರೆ ದಾಸ್ತಾನು ಇಟ್ಟಿದ್ದರೆ ಮೂಲ ಉತ್ಪನ್ನಕ್ಕೆ ಒಂದು ಸಾಲು, ಪ್ರತಿ ಸೈಜಿಗೆ ಮತ್ತೊಂದು ಸಾಲು ಇರುತ್ತದೆ. ಎರಡೂ ಕಡೆ ತಿದ್ದಬೇಕು. ಮೂಲವನ್ನು ಮಾತ್ರ ತಿದ್ದಿದರೆ ಮಕ್ಕಳ ಸಾಲುಗಳು ತಾಯಿಯಿಂದ ಬಿಟ್ಟುಹೋಗುತ್ತವೆ, ಗಿರಾಕಿಗೆ ಸೈಜ್ ಆರಿಸಲು ಬರುವುದಿಲ್ಲ. ಮೊದಲು ಐದು ಉತ್ಪನ್ನಗಳನ್ನು ಮಾತ್ರ ಮಾಡಿ ನೋಡಿ.

ಎಕ್ಸೆಲ್ ಬಳಸುವುದಾದರೆ ಉಳಿಸುವಾಗ ‘ಸಿಎಸ್‌ವಿ ಯುಟಿಎಫ್-8’ ಎಂಬುದನ್ನೇ ಆರಿಸಿ. ಬರೀ ಸಿಎಸ್‌ವಿ ಎಂದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ, ಹೋದ ಅಕ್ಷರ ಮತ್ತೆ ಬರುವುದಿಲ್ಲ.

ಸಿಂಧನೂರು ಅಕ್ಕಿ

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನಾನು ಅಕ್ಕಿ ಗಿರಣಿಯೊಂದರ ವೆಬ್‌ಸೈಟ್ ಮತ್ತು ಬಿಲ್ಲಿಂಗ್ ನೋಡಿಕೊಳ್ಳುತ್ತೇನೆ. ನಮ್ಮದೂ ವೂಕಾಮರ್ಸ್. ಎಲ್ಲವನ್ನೂ ಗ್ಲೋಬಲ್ ಮಾಡಿದ ಮೇಲೆ ಬರುವ ಅಪಾಯವನ್ನು ನಾನು ಅನುಭವಿಸಿದ್ದೇನೆ, ನೀವು ಅದಕ್ಕೆ ಸಿಕ್ಕಬಾರದು.

2022ರ ಜುಲೈ 18ರಿಂದ 25 ಕೆಜಿವರೆಗಿನ, ಮೊದಲೇ ತುಂಬಿ ಲೇಬಲ್ ಹಾಕಿದ ಅಕ್ಕಿ ಚೀಲಕ್ಕೆ ಶೇ 5ರಷ್ಟು ಜಿಎಸ್‌ಟಿ ಬಂತು. ಅದರ ಬೆನ್ನಿಗೇ ಗಿರಣಿಗಳು 26 ಕೆಜಿ ಚೀಲ ತುಂಬತೊಡಗಿದವು. ನಮ್ಮ ಸೈಟಿನಲ್ಲಿ ‘ಚೀಲದ ತೂಕ’ ಎಂಬ ಗ್ಲೋಬಲ್ ಅಟ್ರಿಬ್ಯೂಟ್ ಇತ್ತು, ಮೌಲ್ಯ ‘25 ಕೆಜಿ’. ಎಲ್ಲ ಉತ್ಪನ್ನಗಳೂ ಒಂದೇ ಮೌಲ್ಯಕ್ಕೆ ಜೋಡಣೆಯಾಗಿದ್ದವು. ಒಂದೇ ಕಡೆ ‘25’ ಅಳಿಸಿ ‘26’ ಎಂದು ತಿದ್ದಿದೆ. ಅರ್ಧ ನಿಮಿಷದಲ್ಲಿ ಇಡೀ ಸೈಟ್ ಬದಲಾಯಿತು. ಇದೆಂಥ ಅನುಕೂಲ ಎಂದು ಸಂತೋಷಪಟ್ಟೆ.

ತಿಂಗಳ ಕೊನೆಗೆ ಲೆಕ್ಕಪರಿಶೋಧಕರು ಹಳೆಯ ಆರ್ಡರುಗಳನ್ನು ತೆರೆದು ನೋಡಿದರು. ಏಪ್ರಿಲ್‌ನಲ್ಲಿ ಮಾರಿದ ಚೀಲವೂ 26 ಕೆಜಿ, ಹಿಂದಿನ ವರ್ಷ ಮಾರಿದ್ದೂ 26 ಕೆಜಿ. ಆರ್ಡರಿನಲ್ಲಿ ಉಳಿಯುವುದು ಮೌಲ್ಯದ ಸ್ಲಗ್ ಮಾತ್ರ. ತೋರಿಸುವಾಗ ಆ ಸ್ಲಗ್‌ಗೆ ಈಗಿರುವ ಹೆಸರನ್ನು ಹುಡುಕಿ ತೋರಿಸುತ್ತದೆ. ನಾನು ಹೆಸರನ್ನು ಬದಲಿಸಿದ್ದರಿಂದ ಹಳೆಯ ಆರ್ಡರುಗಳೆಲ್ಲ ಸುಳ್ಳು ಹೇಳತೊಡಗಿದ್ದವು. ಮುದ್ರಿಸಿಟ್ಟ ಬಿಲ್ಲುಗಳು ಇದ್ದುದರಿಂದ ಉಳಿದುಕೊಂಡೆವು.

ಆದ್ದರಿಂದ, ಬರೆಯುವ ರೀತಿ ತಪ್ಪಾಗಿದ್ದರೆ ಇರುವ ಮೌಲ್ಯವನ್ನೇ ತಿದ್ದಿ. ವಸ್ತುವೇ ಬದಲಾಗಿದ್ದರೆ ಹೊಸ ಮೌಲ್ಯ ಸೇರಿಸಿ, ಹಳೆಯದನ್ನು ಹಾಗೆಯೇ ಬಿಡಿ. ‘ಬ್ಲೂ’ ಹೋಗಿ ‘ನೀಲಿ’ ಆಗುವುದು ಮೊದಲನೆಯದು. 25 ಕೆಜಿ ಹೋಗಿ 26 ಕೆಜಿ ಬರುವುದು ಎರಡನೆಯದು.

ಹೆಸರಿನ ಬಗ್ಗೆಯೂ ಒಂದು ಮಾತು. ನಮ್ಮ ಕಡೆ ರೈತರು ಬಿಪಿಟಿ 5204 ತಳಿಯ ಭತ್ತ ಬೆಳೆಯುತ್ತಾರೆ, ಪೇಟೆಯಲ್ಲಿ ಅದು ಸೋನಾ ಮಸೂರಿ ಎಂದೇ ಮಾರಾಟವಾಗುತ್ತದೆ. ಆರ್‌ಎನ್‌ಆರ್ 15048 ಕೂಡ ಬರುತ್ತದೆ. ‘ತಳಿ’ ಮತ್ತು ‘ಮಾರಾಟದ ಹೆಸರು’ ಎಂದು ಎರಡು ಅಟ್ರಿಬ್ಯೂಟ್ ಮಾಡಿದ ಮೇಲೆ ನಮ್ಮ ಗೊಂದಲ ತೀರಿತು. ಒಂದು ಅಟ್ರಿಬ್ಯೂಟಿನಲ್ಲಿ ಎರಡು ಪ್ರಶ್ನೆಗಳ ಉತ್ತರ ಕಲಸಿಹೋಗಿದ್ದರೆ ಎಷ್ಟು ಶುದ್ಧವಾಗಿ ಬರೆದರೂ ಪಟ್ಟಿ ಸರಿಹೋಗುವುದಿಲ್ಲ. ಬಳ್ಳಾರಿಯವರು ತಮ್ಮ ‘ಬಣ್ಣ’ವನ್ನು ಈ ಕಣ್ಣಿನಿಂದ ಒಮ್ಮೆ ನೋಡಲಿ.

ಕೋಟೆ ಕಲ್ಲು, ಕೊಪ್ಪಳ

ಸಿಂಧನೂರಿನವರ ಮಾತು ಓದಿ ನನ್ನ ಕತೆಯನ್ನೂ ಹೇಳಬೇಕೆನಿಸಿತು. ನನ್ನದು ಅಂಗಡಿಯಲ್ಲ. ನಾನು ಅಧ್ಯಾಪಕಿ. ನಮ್ಮ ಮೂರು ಜಿಲ್ಲೆಗಳ ಶಾಸನ, ಗುಡಿ, ಕೋಟೆ, ಜಾತ್ರೆಗಳ ಮಾಹಿತಿಯನ್ನು ವಿದ್ಯಾರ್ಥಿಗಳೊಂದಿಗೆ, ವರ್ಡ್‌ಪ್ರೆಸ್‌ನಂತೆಯೇ ವೆಬ್‌ಸೈಟ್ ಕಟ್ಟುವ ತಂತ್ರಾಂಶವಾದ ಡ್ರೂಪಲ್‌ನಲ್ಲಿ ಸಂಗ್ರಹಿಸುತ್ತಿದ್ದೇನೆ.

ಡ್ರೂಪಲ್‌ನಲ್ಲಿ ಇದೇ ವಿಚಾರ ಫೀಲ್ಡ್ ಎಂಬ ಹೆಸರಿನಲ್ಲಿ ಬರುತ್ತದೆ. ಶಾಸನಕ್ಕೆ ‘ಜಿಲ್ಲೆ’ ಎಂಬ ಫೀಲ್ಡ್ ಮಾಡಿದ ಮೇಲೆ ಗುಡಿಗೂ ಕೋಟೆಗೂ ಹೊಸದು ಮಾಡಬೇಕಾಗಿಲ್ಲ, ಇರುವುದನ್ನೇ ಮರುಬಳಸುವ ಆಯ್ಕೆ ಇದೆ. ಹಾಗೆ ಮರುಬಳಸಿದಾಗ ಫೀಲ್ಡಿನ ಬಗೆ ಮತ್ತು ಎಷ್ಟು ಮೌಲ್ಯ ಹಿಡಿಯಬೇಕು ಎಂಬುದು ಎಲ್ಲ ಕಡೆ ಒಂದೇ. ತೋರಿಸುವ ಹೆಸರು, ಸಹಾಯದ ಸಾಲು, ಕಡ್ಡಾಯವೇ ಅಲ್ಲವೇ ಎಂಬುದನ್ನು ಒಂದೊಂದು ಕಡೆ ಒಂದೊಂದು ರೀತಿ ಇಡಬಹುದು. ಈ ಏರ್ಪಾಡು ನನಗೆ ಬಹಳ ಹಿಡಿಸಿತು.

ನಾನು ಮಾಡಿದ ತಪ್ಪು ಬೇರೆಯದು. ಪ್ರತಿ ದಾಖಲೆಗೂ ಜಿಲ್ಲೆಯನ್ನು ನೇರವಾಗಿ ಅಂಟಿಸಿದೆ. 2014ರ ನವೆಂಬರ್ 1ರಂದು ಊರಿನ ಇಂಗ್ಲಿಷ್ ಹೆಸರು ಬೆಲ್ಲಾರಿ ಹೋಗಿ ಬಳ್ಳಾರಿ ಎಂದು ಅಧಿಕೃತವಾದಂಥ ಬದಲಾವಣೆಗೆ ಈ ಏರ್ಪಾಡು ಸಾಕು, ಇಂಗ್ಲಿಷ್ ಹೆಸರಿನ ಕಾಗುಣಿತವನ್ನು ಒಂದು ಕಡೆ ತಿದ್ದಿದರೆ ಮುಗಿಯಿತು. ಆದರೆ 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಯಿತು. ಹಂಪಿ, ಹೊಸಪೇಟೆ, ಕೂಡ್ಲಿಗಿ, ಹೂವಿನಹಡಗಲಿ ಎಲ್ಲವೂ ಆ ಕಡೆ ಹೋದವು. ಸಂಡೂರು, ಸಿರುಗುಪ್ಪ, ಕಂಪ್ಲಿ, ಕುರುಗೋಡು ಬಳ್ಳಾರಿಯಲ್ಲಿ ಉಳಿದವು. ‘ಬಳ್ಳಾರಿ’ ಎಂಬ ಒಂದು ಮೌಲ್ಯದೊಳಗೆ ಇದ್ದ ದಾಖಲೆಗಳಲ್ಲಿ ಯಾವುದು ಹೋಗಬೇಕು, ಯಾವುದು ಉಳಿಯಬೇಕು ಎಂದು ಯಂತ್ರ ಹೇಗೆ ಹೇಳೀತು? ಒಂದೊಂದನ್ನೂ ನಾವೇ ತೆರೆದು ನೋಡಿದೆವು. ಒಂದು ಬೇಸಿಗೆ ರಜೆ ಅದಕ್ಕೇ ಹೋಯಿತು.

ಹರಪನಹಳ್ಳಿಯನ್ನು ನೋಡಿ. 1997ರವರೆಗೆ ಬಳ್ಳಾರಿ ಜಿಲ್ಲೆ, ಆಮೇಲೆ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ. ಊರು ಇದ್ದಲ್ಲೇ ಇದೆ. ನಮ್ಮ ಕೊಪ್ಪಳವೂ 1997ರಲ್ಲಿ ರಾಯಚೂರಿನಿಂದ ಬೇರೆಯಾದದ್ದೇ.

ಈಗ ದಾಖಲೆಗೆ ಜಿಲ್ಲೆಯನ್ನು ಅಂಟಿಸುವುದನ್ನು ಬಿಟ್ಟಿದ್ದೇವೆ. ‘ಸ್ಥಳ’ ಎಂಬ ಒಂದು ಪಟ್ಟಿ, ಅದರಲ್ಲಿ ಜಿಲ್ಲೆಯ ಕೆಳಗೆ ತಾಲ್ಲೂಕು, ತಾಲ್ಲೂಕಿನ ಕೆಳಗೆ ಗ್ರಾಮ. ದಾಖಲೆ ಹಿಡಿದುಕೊಳ್ಳುವುದು ಗ್ರಾಮವನ್ನು ಮಾತ್ರ. ಮಸ್ಕಿ ಲಿಂಗಸುಗೂರಿನಿಂದ ಬೇರೆಯಾಗಿ ತಾನೇ ತಾಲ್ಲೂಕಾಗಿದೆ. 1915ರಲ್ಲಿ ಅಲ್ಲಿ ಸಿಕ್ಕ ಅಶೋಕನ ಶಾಸನದ ದಾಖಲೆಯನ್ನು ನಾನು ಮುಟ್ಟಲೇ ಇಲ್ಲ, ಪಟ್ಟಿಯಲ್ಲಿ ಮಸ್ಕಿ ಗ್ರಾಮವನ್ನು ಎಳೆದು ಹೊಸ ತಾಲ್ಲೂಕಿನ ಕೆಳಗೆ ಇಟ್ಟೆ. ಎಷ್ಟು ಹಂತ ಕೆಳಗಿಳಿಯಬೇಕೆಂದು ಹುಡುಕಾಟದಲ್ಲಿ ಒಮ್ಮೆ ಹೊಂದಿಸಿಟ್ಟರೆ, ಜಿಲ್ಲೆಯ ಮೇಲೆ ಹುಡುಕಿದಾಗ ಡ್ರೂಪಲ್ ಅದರ ಕೆಳಗಿನ ಎಲ್ಲ ಹಂತಗಳನ್ನೂ ಸೇರಿಸಿ ಕೊಡುತ್ತದೆ.

ಹಳೆಯ ಪುಸ್ತಕಗಳಲ್ಲಿ ಆ ಕಾಲದ ಜಿಲ್ಲೆಯ ಹೆಸರೇ ಇರುತ್ತದೆ. ಅದನ್ನು ತಿದ್ದುವ ಹಕ್ಕು ನಮಗಿಲ್ಲ. ‘ಮೂಲದಲ್ಲಿ ಇರುವಂತೆ’ ಎಂಬ ಬೇರೆ ಫೀಲ್ಡಿನಲ್ಲಿ ಅದನ್ನು ಬರೆದುಕೊಳ್ಳುತ್ತೇವೆ. ಅದು ಪಟ್ಟಿಗೆ ಸೇರುವುದಿಲ್ಲ.

ಕೌಲ್ ಬಜಾರ್

ಮೇಡಂ, ಗ್ರಾಮದವರೆಗೆ ಇಳಿದದ್ದು ಸರಿಯಾದ ನಿರ್ಧಾರ. ನಾನು ಮಾಡಿದ ಒಂದು ಸೈಟಿನಲ್ಲಿ ತಾಲ್ಲೂಕಿಗೇ ನಿಲ್ಲಿಸಿದ್ದೆ, ಕಾರಟಗಿ ಮತ್ತು ಕನಕಗಿರಿ ತಾಲ್ಲೂಕುಗಳಾದಾಗ ಗಂಗಾವತಿಯ ದಾಖಲೆಗಳನ್ನೆಲ್ಲ ಕೈಯಿಂದ ಬೇರ್ಪಡಿಸಬೇಕಾಯಿತು.

ಡೆನಿಮ್ ಬಳ್ಳಾರಿಯವರಿಗೆ ನನ್ನ ಅಭಿಪ್ರಾಯ: ಕೈಬರಹದ ಅಟ್ರಿಬ್ಯೂಟ್ ಒಂದೂ ಉಳಿಯಬಾರದು. ಗುಂಡಿ, ಜಿಪ್, ಬಟ್ಟೆಯ ದಪ್ಪ ಎಲ್ಲವೂ ಗ್ಲೋಬಲ್ ಆಗಲಿ. ಇವತ್ತು ಬೇಡವೆನಿಸಿದ್ದು ನಾಳೆ ಬೇಕಾಗುತ್ತದೆ.

ಸಿಂಧನೂರು ಅಕ್ಕಿ

ಇದನ್ನು ನಾನು ಒಪ್ಪುವುದಿಲ್ಲ. ಒಂದೇ ಒಂದು ಉತ್ಪನ್ನಕ್ಕೆ ಇರುವ ವಿಶೇಷವನ್ನು ಎಲ್ಲರ ಪಟ್ಟಿಗೆ ತಂದರೆ ಪಟ್ಟಿಯೇ ಸಂತೆಯಾಗುತ್ತದೆ. ಮಾಲು ಸೇರಿಸುವ ಹುಡುಗ ಮೂವತ್ತು ಅಟ್ರಿಬ್ಯೂಟ್‌ಗಳ ಮುಂದೆ ಕುಳಿತು ಬೇಸತ್ತು ಮತ್ತೆ ತನಗೆ ತೋಚಿದ್ದನ್ನೇ ಬರೆಯುತ್ತಾನೆ. ಬಟ್ಟೆಯ ದಪ್ಪವನ್ನು ಔನ್ಸ್ ಲೆಕ್ಕದಲ್ಲಿ ವ್ಯಾಪಾರಿಗಳು ಕೇಳುತ್ತಾರೆ, ಅದು ಗ್ಲೋಬಲ್ ಆಗಲಿ. ಗುಂಡಿಯ ಮೇಲಿನ ಚಿತ್ರವನ್ನು ಯಾರು ಹುಡುಕುತ್ತಾರೆ? ಅದು ವಿವರಣೆಯ ಸಾಲಿನಲ್ಲಿ ಇರಲಿ.

ತುಂಗಭದ್ರಾ ದಂಡೆ, ಗಂಗಾವತಿ

ಈ ವಿಷಯದಲ್ಲಿ ನಾನು ಸಿಂಧನೂರಿನವರ ಪಕ್ಷ. ಎರಡನೆಯ ಉತ್ಪನ್ನಕ್ಕೂ ಬೇಕಾದ ದಿನ ಗ್ಲೋಬಲ್ ಮಾಡಿದರೆ ಸಾಕು.

ಇನ್ನೊಂದು ಎಚ್ಚರಿಕೆ. ಉತ್ಪನ್ನ ತಿದ್ದುವ ಪರದೆಯಲ್ಲೇ ಹೊಸ ಮೌಲ್ಯ ಸೇರಿಸುವ ಗುಂಡಿ ಇದೆ. ನೀವು ಇಷ್ಟೆಲ್ಲ ಶುಚಿ ಮಾಡಿದ ಮೇಲೂ ಅಲ್ಲಿಂದ ‘ಬ್ಲೂ’ ಮತ್ತೆ ಒಳಗೆ ಬರುತ್ತದೆ. ಯಾರು ಹೊಸ ಮೌಲ್ಯ ಸೇರಿಸಬಹುದು ಎಂದು ಮನೆಯಲ್ಲೇ ತೀರ್ಮಾನಿಸಿ. ಒಬ್ಬರೇ ಇರಲಿ. ಉಳಿದವರು ಅವರನ್ನು ಕೇಳಲಿ.

ಡೆನಿಮ್ ಬಳ್ಳಾರಿ

ಹನ್ನೆರಡು ದಿನಗಳ ನಂತರ ಬರೆಯುತ್ತಿದ್ದೇನೆ. ಕೆಲಸ ಬಹುಪಾಲು ಮುಗಿದಿದೆ.

ಐದು ಉತ್ಪನ್ನಗಳ ಪರೀಕ್ಷೆಯಲ್ಲಿ ಮೊದಲ ಸಲ ಮಕ್ಕಳ ಸಾಲುಗಳಲ್ಲಿ 1 ಹಾಕಲು ಮರೆತೆ, ಗಂಗಾವತಿಯವರು ಹೇಳಿದಂತೆಯೇ ಸೈಜ್ ಆರಿಸಲು ಬರಲಿಲ್ಲ. ತಿದ್ದಿದ ಮೇಲೆ ಸರಿಯಾಯಿತು. ಆಮೇಲೆ ಐವತ್ತೈವತ್ತರಂತೆ ಮಾಡಿದೆವು. ಎರಡು ‘ಸ್ಟೋನ್ ವಾಷ್’ಗಳನ್ನು ಅಕ್ಷರಸಂಕೇತ ತೋರಿಸುವ ಸಾಧನದಲ್ಲಿ ಹಾಕಿ ನೋಡಿದೆ. ಒಂದರಲ್ಲಿ ಆ ಅದೃಶ್ಯ ಸಂಕೇತ ಇತ್ತು. ತಮ್ಮನ ಮೊಬೈಲಿನಿಂದ ಬಂದದ್ದು.

ಸಿಂಧನೂರಿನವರು ‘ಬಣ್ಣ’ದ ಬಗ್ಗೆ ಹೇಳಿದ್ದು ನಮ್ಮ ಜಗಳವನ್ನೇ ಮುಗಿಸಿತು. ನಾನು ಬಣ್ಣ ಎಂದು ಬರೆಯುತ್ತಿದ್ದದ್ದು ಗಿರಾಕಿಗೆ ಕಾಣುವ ಬಣ್ಣವನ್ನು, ತಮ್ಮ ಬರೆಯುತ್ತಿದ್ದದ್ದು ತೊಳೆಯುವ ಮುಂಚಿನ ಬಟ್ಟೆಯ ಬಣ್ಣವನ್ನು. ಒಂದೇ ಕಡು ನೀಲಿ ತಾನಿನಿಂದ ಹೊಲಿದ ಪೀಸುಗಳು ವಾಷಿಂಗ್‌ಗೆ ಹೋಗಿ ಬಂದಾಗ ಒಂದು ಮಾಸಲು ನೀಲಿ, ಇನ್ನೊಂದು ಬೂದು ಆಗಿರುತ್ತದೆ. ಇಬ್ಬರೂ ಸರಿಯೇ ಇದ್ದೆವು, ಎರಡು ಪ್ರಶ್ನೆಗಳಿಗೆ ಒಂದೇ ಜಾಗ ಇಟ್ಟಿದ್ದೆವು. ಈಗ ‘ಬಣ್ಣ’ ಗಿರಾಕಿಗೆ, ‘ತಾನಿನ ಬಣ್ಣ’ ನಮ್ಮ ಗೋದಾಮಿಗೆ. 41 ಬಣ್ಣಗಳಿದ್ದದ್ದು ಈಗ 11.

ಸೈಜ್ ಸಾಲಾಗಿ ಬರುತ್ತಿದೆ. ಶರ್ಟುಗಳಲ್ಲಿ ಮಾತ್ರ L, M, S, XL ಎಂದು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಬರುತ್ತಿದೆ. ಇದಕ್ಕೇನು ಮಾಡಲಿ?

ತುಂಗಭದ್ರಾ ದಂಡೆ, ಗಂಗಾವತಿ

ಆ ಅಟ್ರಿಬ್ಯೂಟನ್ನು ತಿದ್ದುವ ಪುಟದಲ್ಲಿ ವಿಂಗಡಣೆಯ ಕ್ರಮ ಎಂಬ ಆಯ್ಕೆ ಇದೆ. ಹೆಸರಿನಂತೆ, ಸಂಖ್ಯೆಯಂತೆ, ನಮ್ಮದೇ ಕ್ರಮ ಎಂದೆಲ್ಲ ಇರುತ್ತದೆ. ಶರ್ಟಿನದಕ್ಕೆ ನಮ್ಮದೇ ಕ್ರಮವನ್ನು ಆರಿಸಿ, ಮೌಲ್ಯಗಳನ್ನು ಎಳೆದು ಸಾಲಾಗಿ ಇಡಿ. ಒಮ್ಮೆ ಇಟ್ಟರೆ ಎಲ್ಲ ಶರ್ಟುಗಳಿಗೂ ಅದೇ ಕ್ರಮ.

ಕೋಟೆ ಕಲ್ಲು, ಕೊಪ್ಪಳ

ಹನ್ನೊಂದಕ್ಕೆ ಇಳಿಸುವಾಗ ನಿಜವಾಗಿಯೂ ಬೇರೆಯಾದ ಎರಡನ್ನು ಒಂದು ಮಾಡಿಲ್ಲ ತಾನೇ? ನಮ್ಮಲ್ಲಿ ಒಬ್ಬ ವಿದ್ಯಾರ್ಥಿ ‘ವೀರಗಲ್ಲು’ ಮತ್ತು ‘ಮಾಸ್ತಿಕಲ್ಲು’ ಎರಡನ್ನೂ ಒಂದೇ ಎಂದು ಸೇರಿಸಿಬಿಟ್ಟಿದ್ದ. ಸೇರಿಸಿದ್ದು ಕ್ಷಣದಲ್ಲಿ, ಬಿಡಿಸಲು ಪ್ರತಿ ಕಲ್ಲಿನ ಚಿತ್ರವನ್ನೂ ಮತ್ತೆ ನೋಡಬೇಕಾಯಿತು.

ಡೆನಿಮ್ ಬಳ್ಳಾರಿ

ಮೇಡಂ, ನಿಮ್ಮ ಪ್ರಶ್ನೆ ಓದಿ ನಿನ್ನೆ ಪಟ್ಟಿಯನ್ನು ಮತ್ತೆ ತೆಗೆದೆ. ‘ಐಸ್ ಬ್ಲೂ’ ಮತ್ತು ‘ತಿಳಿ ನೀಲಿ’ ಎರಡನ್ನೂ ಇವತ್ತು ಸೇರಿಸುವವನಿದ್ದೆ. ನನ್ನ ಮೊಬೈಲಿನ ಚಿತ್ರಗಳಲ್ಲಿ ಅವು ಒಂದೇ.

ಬೆಳಿಗ್ಗೆ ಎರಡರದೂ ಒಂದೊಂದು ಪೀಸ್ ತೆಗೆದುಕೊಂಡು ವಾಷಿಂಗ್ ಘಟಕದ ಮೇಸ್ತ್ರಿಯ ಬಳಿ ಹೋದೆ. ಅವರು ಮೂವತ್ತು ವರ್ಷದಿಂದ ಅದೇ ಕೆಲಸದಲ್ಲಿದ್ದಾರೆ, ಕಂಪ್ಯೂಟರ್ ಮುಟ್ಟಿದವರಲ್ಲ. ಎರಡನ್ನೂ ಅಂಗಳಕ್ಕೆ ತಂದು ಬಿಸಿಲಿನಲ್ಲಿ ಅಕ್ಕಪಕ್ಕ ಹಾಸಿದರು. ಒಂದರ ಹೊಲಿಗೆಯ ಅಂಚು ಪೂರ್ತಿ ಬಿಳಿಚಿಕೊಂಡಿತ್ತು, ಇನ್ನೊಂದರ ಅಂಚಿನಲ್ಲಿ ನೀಲಿ ಉಳಿದಿತ್ತು. ಇದನ್ನು ಕೇಳುವ ಗಿರಾಕಿ ಬೇರೆ, ಅದನ್ನು ಕೇಳುವ ಗಿರಾಕಿ ಬೇರೆ ಎಂದರು.

ಎರಡನ್ನೂ ಉಳಿಸಿದ್ದೇನೆ. ಹೊಸ ಬಣ್ಣ ಸೇರಿಸುವ ಮುಂಚೆ ಅವರಿಗೆ ಪೀಸ್ ತೋರಿಸಬೇಕೆಂದು ಕಾಗದದ ಕೆಳಗೆ ಬರೆದು, ಕಂಪ್ಯೂಟರಿನ ಪಕ್ಕದ ಗೋಡೆಗೆ ಅಂಟಿಸಿದ್ದೇನೆ.